ಕಲಿಯಲು ಯಾವ ಲಿನಕ್ಸ್ ಹಾಕಿಕೊಳ್ಳಬೇಕು?

ವಿಜಯಪುರದಲ್ಲಿ ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಲು ಬರುವ ಡಿಪ್ಲೊಮಾ, ಬಿಸಿಎ ಹುಡುಗ ಹುಡುಗಿಯರು ನನ್ನ ಕಂಪ್ಯೂಟರ್ ಪರದೆ ನೋಡಿ ಮಾತು ತೆಗೆಯುತ್ತಾರೆ. "ಅಣ್ಣಾರ, ಇದು ವಿಂಡೋಸ್ ಅಲ್ಲಲ್ರೀ? ನಾವೂ ಲಿನಕ್ಸ್ ಕಲೀಬೇಕಂತ ಮಾಡೇವಿ. ಯಾವುದು ಹಾಕೋಬೇಕ್ರಿ?" ಪ್ರಿಂಟ್ ಹೊರಗೆ ಬರುವಷ್ಟರೊಳಗೆ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್ ಆವೃತ್ತಿ. ಹಾಕಿಕೊಂಡ ಮೇಲೆ ಕನಿಷ್ಠ ಒಂದು ವರ್ಷ ಅದನ್ನು ಬದಲಿಸಬೇಡಿ. ಈ ಎರಡನೇ ಮಾತು ಮೊದಲನೆಯದಕ್ಕಿಂತ ಮುಖ್ಯ. ಆದರೆ ಅದನ್ನು ಕೇಳುವವರು ಕಡಿಮೆ.

ಈ ಪ್ರಶ್ನೆ ಈಗ ಜಾಸ್ತಿ ಆಗಿದ್ದಕ್ಕೆ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ನಮ್ಮೂರಿನ ಹುಡುಗರ ಕೈಯಲ್ಲಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳು ಎಂಥವು? ಎಷ್ಟೋ ಸಲ ಬೆಂಗಳೂರಿನದೋ ಪುಣೆಯದೋ ಕಂಪನಿಯವರು ಬಳಸಿ ಬಿಟ್ಟ 6ನೇ, 7ನೇ ತಲೆಮಾರಿನ ಐ5 ಯಂತ್ರಗಳು. ಕೀಬೋರ್ಡ್ ಗಟ್ಟಿ, ಪರದೆ ಚೆನ್ನಾಗಿದೆ, ಬ್ಯಾಟರಿ ಮಾತ್ರ ಸತ್ತಿರುತ್ತದೆ. ಅಪ್ಪ ಅವ್ವ ಕಷ್ಟಪಟ್ಟು ಕೊಡಿಸಿದ ಇಂಥ ಯಂತ್ರವನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಕಲಿಯಲು ಅದು ಧಾರಾಳ ಸಾಕು.

ಲಿನಕ್ಸ್‌ನಲ್ಲಿ ಇಷ್ಟೊಂದು ಬಗೆ ಯಾಕೆ ಅಂತ ಕೇಳುತ್ತಾರೆ. ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾಗ 1991ರಲ್ಲಿ ಬರೆದದ್ದು ಕರ್ನಲ್ ಮಾತ್ರ. ಅಂದರೆ ಯಂತ್ರಾಂಶವನ್ನೂ ನಮ್ಮ ತಂತ್ರಾಂಶವನ್ನೂ ಕೂಡಿಸುವ ತಿರುಳು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಕರ್ನಲ್ ಇದೆ. ಆ ಕರ್ನಲ್ಲಿಗೆ ಗ್ನೂ ಯೋಜನೆಯ ಸಾಧನಗಳು, ಡೆಸ್ಕ್‌ಟಾಪ್, ತಂತ್ರಾಂಶ ಹಾಕುವ ವ್ಯವಸ್ಥೆ ಎಲ್ಲ ಸೇರಿಸಿ ಪೂರ್ತಿ ಮಾಡಿ ಕೊಡುವವರು ಬೇರೆ ಬೇರೆ ತಂಡದವರು. ಅವರು ಕೊಡುವುದಕ್ಕೆ ಡಿಸ್ಟ್ರೋ ಅನ್ನುತ್ತಾರೆ. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಹಾಗಾಗಿ ಯಾರು ಬೇಕಾದರೂ ತಮ್ಮದೊಂದು ಮಾಡಬಹುದು. ಮಾಡಿದ್ದಾರೆ ಕೂಡ.

ಇವುಗಳಲ್ಲಿ ಆರಿಸುವಾಗ ಹೆಸರು ನೋಡುವ ಮೊದಲು ಮನೆತನ ನೋಡಿ. ಡೆಬಿಯನ್ ಶುರುವಾದದ್ದು 1993ರಲ್ಲಿ. ಅದರ ಮೇಲೆ ಕಟ್ಟಿದ್ದು ಉಬುಂಟು, 2004ರಲ್ಲಿ ಬಂತು. ಉಬುಂಟು ಮೇಲೆ ಕಟ್ಟಿದ್ದು ಮಿಂಟ್, 2006ರದ್ದು. ಕಾಲೇಜಿನ ಪ್ರಾಜೆಕ್ಟಿಗೆ ತರುವ ಪುಟ್ಟ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಓಡುವುದೂ ಡೆಬಿಯನ್ ಆಧಾರದ್ದೇ. ಬಾಡಿಗೆ ಸರ್ವರ್ ತೆಗೆದುಕೊಂಡರೆ ಅಲ್ಲಿ ಉಬುಂಟು ಇಲ್ಲವೇ ಡೆಬಿಯನ್ ಸಿಗುವುದು ಸಾಮಾನ್ಯ. ಮಿಂಟ್‌ನಲ್ಲಿ ಕಲಿತ, ತಂತ್ರಾಂಶ ಹಾಕುವ ತೆಗೆಯುವ ಆಪ್ಟ್ ಕಮಾಂಡ್ ಇಷ್ಟೂ ಕಡೆ ಹಾಗೇ ನಡೆಯುತ್ತದೆ. ಎಲ್ಲೋ ಸಿಕ್ಕಿಹಾಕಿಕೊಂಡು ನೆಟ್‌ನಲ್ಲಿ ಹುಡುಕಿದರೆ ಉಬುಂಟುಗೆ ಬರೆದ ಉತ್ತರವೂ ಬಹಳಷ್ಟು ಸಲ ನಿಮಗೆ ಹೊಂದುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಹಾಗಾದರೆ ನೇರವಾಗಿ ಉಬುಂಟುನೇ ಯಾಕೆ ಬೇಡ? ಬೇಡ ಅಂತೇನಿಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದವರು ಹಾಕಿಕೊಂಡರೆ ನಾನು ತಡೆಯುವುದಿಲ್ಲ. ಆದರೆ ಅದರ ಗ್ನೋಮ್ ಡೆಸ್ಕ್‌ಟಾಪ್ ವಿಂಡೋಸ್ ಬಳಸಿದವರಿಗೆ ಮೊದಲ ದಿನ ಗೊಂದಲ ಮಾಡುತ್ತದೆ. ಮಿಂಟ್‌ನಲ್ಲಿ ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ನಿಮ್ಮ ತಲೆ ಕಲಿಯುವ ವಿಷಯದ ಕಡೆ ಹೋಗಬೇಕೇ ಹೊರತು ಕಿಟಕಿ ಮುಚ್ಚುವ ಗುಂಡಿ ಎಲ್ಲಿದೆ ಅಂತ ಹುಡುಕುವುದಕ್ಕಲ್ಲ. ಜೊತೆಗೆ ಮಿಂಟ್ ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಗಳ ಮೇಲೇ ನಿಲ್ಲುತ್ತದೆ. ಮಿಂಟ್ 22ರ ಸರಣಿ ಉಬುಂಟು 24.04ರ ಆಧಾರದ್ದು, 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಬರುತ್ತವೆ. ಮೂರು ವರ್ಷದ ಡಿಪ್ಲೊಮಾ ನಡುವೆ ಮತ್ತೆ ಹೊಸದು ಹಾಕುವ ಕೆಲಸ ಬೀಳಬಾರದು ಅಲ್ವಾ? ಫೆಡೋರಾ ಅನ್ನುವ ಡಿಸ್ಟ್ರೋ ಒಳ್ಳೆಯದೇ, ಆದರೆ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆ ಮಾಡಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮನೆತನದ್ದೇ, ಭಾರತೀಯ ಭಾಷೆಗಳ ಬೆಂಬಲ ಇರುವಂಥದ್ದು, ಅಭಿಮಾನ ಇದೆ. ಆದರೆ ತೊಡಕು ಬಂದಾಗ ಅದರ ಹೆಸರಲ್ಲಿ ಹುಡುಕಿದರೆ ಸಿಗುವ ಸಹಾಯ ಕಡಿಮೆ. ಮೊದಲ ಹೆಜ್ಜೆಗೆ ಅದನ್ನು ಹೇಳುವುದಿಲ್ಲ.

ಈಗ ಕಾಲಿ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಹ್ಯಾಕಿಂಗ್ ವಿಡಿಯೋ ನೋಡಿದ ಹುಡುಗರು ನೇರವಾಗಿ ಕೇಳುವುದು ಕಾಲಿ ಲಿನಕ್ಸ್. "ಕಲಿಯೂದು ಅಂದ ಮ್ಯಾಲ ದೊಡ್ಡದನ್ನೇ ಕಲಿಯೂಣಲ್ರೀ" ಅನ್ನುತ್ತಾರೆ. ಉತ್ಸಾಹ ಒಳ್ಳೆಯದು, ಅದನ್ನು ಕುಂದಿಸುವ ಮನಸ್ಸು ನನಗಿಲ್ಲ. ಆದರೆ ಕಾಲಿ ಇರುವುದು ಭದ್ರತಾ ಪರೀಕ್ಷೆ ಮಾಡುವ ವೃತ್ತಿಯವರಿಗೆ. ಲಿನಕ್ಸ್ ಗೊತ್ತಿಲ್ಲದವರು ಇದರಿಂದ ಶುರು ಮಾಡಬೇಡಿ ಅಂತ ಕಾಲಿ ಮಾಡಿದವರೇ ತಮ್ಮ ಕೈಪಿಡಿಯಲ್ಲಿ ಬರೆದಿದ್ದಾರೆ. ಅದರಲ್ಲಿ ಎಷ್ಟೋ ಸೇವೆಗಳು ಬೇಕೆಂದೇ ಮುಚ್ಚಿರುತ್ತವೆ, ದಿನನಿತ್ಯದ ಅನುಕೂಲ ಅದರ ಗುರಿಯಲ್ಲ. ಎನ್‌ಮ್ಯಾಪ್, ವೈರ್‌ಶಾರ್ಕ್‌ನಂಥ ನೆಟ್‌ವರ್ಕ್ ಪರೀಕ್ಷಿಸುವ ಸಾಧನ ಬೇಕು ಅಂದರೆ ಮಿಂಟ್‌ನಲ್ಲೇ ಹಾಕಿಕೊಳ್ಳಬಹುದು. ನಿಮ್ಮದೇ ಮನೆಯ ನೆಟ್‌ವರ್ಕ್ ಮೇಲೆ ಅವನ್ನು ಓಡಿಸಿ ನೋಡಿ. ಐಪಿ ವಿಳಾಸ, ಪೋರ್ಟ್ ಅಂದರೇನು ಅನ್ನುವುದು ಮೊದಲು ತಿಳಿಯಲಿ. ಮಂದಿಯ ವೈಫೈಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಅಪರಾಧ. ಇದನ್ನು ಪ್ರತಿ ಸಲ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಆರ್ಚ್ ಅನ್ನುವ ಡಿಸ್ಟ್ರೋ ಬಗ್ಗೆಯೂ ಕೇಳುತ್ತಾರೆ. ಎಲ್ಲವನ್ನೂ ಕೈಯಾರೆ ಹಾಕಿದರೆ ಮಾತ್ರ ನಿಜವಾದ ಕಲಿಕೆ ಅನ್ನುವ ವಾದ ಅದರ ಹಿಂದೆ ಇದೆ. ಆರ್ಚ್‌ನ ವಿಕಿ ನಿಜಕ್ಕೂ ಅದ್ಭುತ, ಮಿಂಟ್ ಬಳಸುವ ನಾನೂ ಅದನ್ನು ಓದುತ್ತೇನೆ. ಆದರೆ ನಾಳೆ ಲ್ಯಾಬ್ ಸಬ್ಮಿಷನ್ ಇಟ್ಟುಕೊಂಡು ಇವತ್ತು ರಾತ್ರಿ ಡೆಸ್ಕ್‌ಟಾಪ್ ಬರದೆ ಕೂತವನಿಗೆ ಏನೂ ಕಲಿಯಲು ಆಗುವುದಿಲ್ಲ. ಒಂದೇ ಲ್ಯಾಪ್‌ಟಾಪ್ ಇರುವ ಮನೆಯ ಮಕ್ಕಳಿಗೆ ನಾನು ಅದನ್ನು ಹೇಳಲಾರೆ.

ಏನು ಹಾಕುವುದು ಅಂತ ತೀರ್ಮಾನ ಆದರೂ ಕೂಡಲೇ ಇನ್‌ಸ್ಟಾಲ್ ಮಾಡಬೇಡಿ. ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ಮಿಂಟ್‌ನ ಐಎಸ್‌ಒ ಕಡತ, ಅಂದರೆ ಪೂರ್ತಿ ವ್ಯವಸ್ಥೆ ಇರುವ ಒಂದೇ ಕಡತ, ಮೂರು ಜಿಬಿ ಹತ್ತಿರ ಇದೆ. ಫೋನಿನಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಇರುವವರಿಗೆ ಅರ್ಧಕ್ಕೇ ನಿಲ್ಲುತ್ತದೆ. ಅಂಥವರು ಟೊರೆಂಟ್ ಕೊಂಡಿ ಹಿಡಿಯಿರಿ. ಇವತ್ತು ನಿಂತಲ್ಲಿಂದ ನಾಳೆ ಮುಂದುವರಿಯುತ್ತದೆ, ಬಂದ ಒಂದೊಂದು ತುಂಡೂ ಸರಿಯಿದೆಯೇ ಅಂತ ಅದೇ ನೋಡಿಕೊಳ್ಳುತ್ತದೆ. ನೇರ ಡೌನ್‌ಲೋಡ್ ಮಾಡಿದರೆ ಶಾ256 ಮೊತ್ತ, ಅಂದರೆ ಕಡತದ ಬೆರಳಚ್ಚು, ತಾಳೆ ನೋಡಲೇಬೇಕು. 64 ಅಕ್ಷರಗಳ ಒಂದು ಸಾಲು ಬರುತ್ತದೆ, ಮಿಂಟ್‌ನವರು ಕೊಟ್ಟ ಸಾಲಿಗೆ ಅದು ಪೂರ್ತಿ ಹೊಂದಬೇಕು. ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಬಿದ್ದಿತ್ತು. ಕಳ್ಳದಾರಿ ಇಟ್ಟ ಐಎಸ್‌ಒ ಕಡೆಗೆ ಕೊಂಡಿ ತಿರುಗಿಸಿದ್ದರು. ತಂಡದವರು ತಾವೇ ಅದನ್ನು ಬಹಿರಂಗವಾಗಿ ಹೇಳಿದರು, ತಾಳೆ ನೋಡುವ ದಾರಿಯನ್ನೂ ತೋರಿಸಿದರು. ಮುಚ್ಚಿಡದೆ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಐಎಸ್‌ಒವನ್ನು ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಆಗುವುದಿಲ್ಲ. ವಿಂಡೋಸ್‌ನಲ್ಲಿ ರೂಫಸ್ ಇಲ್ಲವೇ ಎಚ್ಚರ್ ಬಳಸಿ ಬರೆಯಬೇಕು. 8 ಜಿಬಿಯ ಡ್ರೈವ್ ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಲ್ಯಾಪ್‌ಟಾಪ್ ಶುರುವಾಗುವಾಗಲೇ ಬೂಟ್ ಮೆನು ಕೀಲಿ ಒತ್ತಬೇಕು. ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9. ಒಂದೆರಡು ನಿಮಿಷದಲ್ಲಿ ಮಿಂಟ್ ಡೆಸ್ಕ್‌ಟಾಪ್ ಬರುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ಅನ್ನು ಅದು ಇನ್ನೂ ಮುಟ್ಟಿರುವುದಿಲ್ಲ.

ಈಗ ಒಂದೊಂದಾಗಿ ನೋಡಿ. ವೈಫೈ ಹೆಸರುಗಳು ಕಾಣುತ್ತವೆಯೇ? ಸ್ಪೀಕರ್, ಮೈಕ್ ನಡೆಯುತ್ತವೆಯೇ? ಬೆಳಕು ಏರಿಸಿ ಇಳಿಸಲು ಬರುತ್ತದೆಯೇ? ಮುಚ್ಚಳ ಹಾಕಿ ತೆರೆದರೆ ಎಚ್ಚರ ಆಗುತ್ತದೆಯೇ? ಹೆಚ್ಚು ಕೈಕೊಡುವುದು ವೈಫೈ, ಅದರಲ್ಲೂ ಬ್ರಾಡ್‌ಕಾಮ್ ಚಿಪ್ ಇರುವ ಯಂತ್ರಗಳಲ್ಲಿ. ಆಗ ಗಾಬರಿಯಾಗಬೇಡಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮಿಂಟ್ ಅದನ್ನು ವೈರಿನ ನೆಟ್ ಅಂತಲೇ ತಿಳಿದು ಜೋಡಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅದೇ ತೋರಿಸುತ್ತದೆ.

ಇನ್‌ಸ್ಟಾಲ್ ಮಾಡುವ ದಿನ ಬ್ಯಾಟರಿ ಸತ್ತ ಲ್ಯಾಪ್‌ಟಾಪಿನವರು ಕರೆಂಟಿನ ವೇಳೆ ನೋಡಿಕೊಳ್ಳಿ. ಬೇಸಿಗೆ ಮಧ್ಯಾಹ್ನ ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಪಾರ್ಟಿಷನ್ (ಡಿಸ್ಕಿನ ವಿಭಾಗ) ಕಿರಿದು ಮಾಡುವ ಹೊತ್ತಿಗೆ ಹೋದರೆ ಒಳಗಿರುವ ಕಡತಗಳಿಗೇ ಅಪಾಯ. ಇನ್ವರ್ಟರ್ ಇರುವಲ್ಲಿ ಮಾಡಿ. ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಹಾಕುವವರು ಮೊದಲು ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇಡಿ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪಾರ್ಟಿಷನ್ ಅನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕಿರಿದು ಮಾಡಿ. ಇನ್ನೂ ಹಳೇ ಹಾರ್ಡ್ ಡಿಸ್ಕೇ ಇದ್ದರೆ, ಇರುವ ದುಡ್ಡಲ್ಲಿ ಮೊದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಯಾವ ಡಿಸ್ಟ್ರೋ ಅನ್ನುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ದೊಡ್ಡದು.

ಕನ್ನಡದ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ದಿನವಿಡೀ ಕನ್ನಡ ಕುಟ್ಟುವವನು ನಾನು, ಕನ್ನಡ ಬರೆಯಲಾಗದ ಕಂಪ್ಯೂಟರ್ ನನಗೆ ಅರ್ಧ ಕಂಪ್ಯೂಟರ್. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್-ಎಂ17ಎನ್ ಹುಡುಕಿ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಆಮೇಲೆ ಐಬಸ್‌ನ ಪಟ್ಟಿಯಲ್ಲಿ ಕನ್ನಡದ ಕೆಜಿಪಿ ಸೇರಿಸಿ. ಇದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರ ಬೆರಳಿಗೆ ಗೊತ್ತಿರುವುದು. ಬಿ, ಎಸ್, ವಿ, ಶಿಫ್ಟ್ ಒತ್ತಿ ಎನ್, ಎಫ್, ಮತ್ತೆ ಶಿಫ್ಟ್ ಒತ್ತಿ ಎನ್. ಬಸವಣ್ಣ ಅಂತ ಮೂಡುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವುದು ನುಡಿಯಲ್ಲಿ ಇದ್ದ ಹಾಗೇ ಇದೆ. ಟೈಪಿಂಗ್ ಕಲಿತ ನಮ್ಮ ಅಣ್ಣನ ಮಗಳು ಇದನ್ನು ನೋಡಿದ ಕೂಡಲೇ "ಕಾಕಾ, ಇದು ನಮ್ಮ ಕೀಬೋರ್ಡೇ ಐತಲ್ಲ" ಅಂದಳು. ಅಲ್ಲಿಂದ ಅವಳಿಗೆ ಲಿನಕ್ಸ್ ಪರಕೀಯ ಅನ್ನಿಸಲಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳೂ ಅಲ್ಲೇ ಸಿಗುತ್ತವೆ. ಲಿಬ್ರೆ ಆಫೀಸ್‌ನ ಮೆನುಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು.

ಒಂದು ತೊಡಕು ಉಳಿದೇ ಇದೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದಕ್ಕೆ ಪರಿವರ್ತಕಗಳಿವೆ, ಆದರೂ ಅಂಗಡಿಯ ಹಳೇ ಗಿರಾಕಿಗಳ ಕಡತಗಳಿಗೋಸ್ಕರ ನಾನು ಒಂದು ಯಂತ್ರದಲ್ಲಿ ವಿಂಡೋಸ್ ಇಟ್ಟೇ ಇದ್ದೇನೆ. ಇದು ಲಿನಕ್ಸ್‌ನ ದೋಷವಲ್ಲ, ಅಂದಿನ ಫಾಂಟ್‌ಗಳ ರೀತಿ ಹಾಗಿತ್ತು. ಈಗ ಕಲಿಯುವ ಮಕ್ಕಳಾದರೂ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯಲಿ ಅನ್ನುವುದು ನನ್ನ ಆಸೆ.

ಹಾಕಿಕೊಂಡ ಮೇಲೆ ಮೊದಲು ಮಾಡುವ ಕೆಲಸ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್, ಅಂದರೆ ವ್ಯವಸ್ಥೆ ಈಗಿರುವ ಸ್ಥಿತಿಯ ಪ್ರತಿ, ತೆಗೆಯುವುದು. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಅಂಗಡಿಗೆ ಬರುವ ಒಬ್ಬ ಬಿಸಿಎ ಹುಡುಗಿ ಬೇರೆ ಆವೃತ್ತಿಯ ಪೈಥಾನ್ ಬೇಕು ಅಂತ ಇದ್ದ ಪೈಥಾನ್3 ಅನ್ನೇ ತೆಗೆದುಹಾಕಿದಳು. ಮಿಂಟ್‌ನ ಎಷ್ಟೋ ಭಾಗಗಳು ಅದರ ಮೇಲೇ ನಿಂತಿವೆ. ಅದರ ಜೊತೆ ಡೆಸ್ಕ್‌ಟಾಪ್ ಕೂಡ ಹೋಯಿತು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಲಾಗಿನ್ ಕೇಳುವ ಒಂದು ಸಾಲು. ಅಳುವ ಮುಖ ಮಾಡಿಕೊಂಡು ಬಂದಳು. ಆ ಕಪ್ಪು ಪರದೆಯಲ್ಲೇ ಅವಳಿಂದಲೇ ಲಾಗಿನ್ ಮಾಡಿಸಿ, ಸುಡೋ (ಆಡಳಿತದ ಅಧಿಕಾರ) ಜೊತೆ ಟೈಮ್‌ಶಿಫ್ಟ್‌ನ ರಿಸ್ಟೋರ್ ಕಮಾಂಡ್ ಕೊಡಿಸಿದೆ. ಸ್ನ್ಯಾಪ್‌ಶಾಟ್‌ಗಳ ಪಟ್ಟಿ ಬಂತು, ಅಂಕಿ ಒತ್ತಿ ಆರಿಸಿದಳು. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ವಾಪಸ್ ಬಂತು, ಅವಳ ಕಡತಗಳೂ ಇದ್ದ ಹಾಗೇ ಇದ್ದವು. ಅವತ್ತು ಅವಳು ಕಲಿತದ್ದು ಒಂದು ಸೆಮಿಸ್ಟರ್‌ನ ಪಾಠಕ್ಕಿಂತ ಜಾಸ್ತಿ. ತೆಗೆಯುವ ಮೊದಲು ಆಪ್ಟ್ ಏನೇನು ಹೋಗುತ್ತದೆ ಅಂತ ಪಟ್ಟಿ ತೋರಿಸಿ ಕೇಳುತ್ತದೆ ಅನ್ನುವುದನ್ನೂ ಅವಳೇ ಮತ್ತೆ ಮಾಡಿ ನೋಡಿ ಕಂಡುಕೊಂಡಳು. ಕೆಡಿಸಿ ಸರಿ ಮಾಡಲು ಧೈರ್ಯ ಕೊಡುವ ವ್ಯವಸ್ಥೆ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಅಲ್ಲಿಂದ ಮುಂದೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ಗೆ ದಿನಾ ಸ್ವಲ್ಪ ಹೊತ್ತು ಕೊಡಿ. ಫೋಲ್ಡರ್ ಒಳಗೆ ಹೋಗುವುದು, ಪಟ್ಟಿ ನೋಡುವುದು, ಕಡತ ಸರಿಸುವುದು, ಮ್ಯಾನ್ ಕಮಾಂಡ್ ಕೊಟ್ಟು ಕೈಪಿಡಿ ಓದುವುದು. ಉದ್ದ ಪಟ್ಟಿ ತೆಗೆದಾಗ ಎಡಗಡೆ ಕಾಣುವ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳನ್ನು ಬಿಡಬೇಡಿ. ಓದುವ, ಬರೆಯುವ, ಓಡಿಸುವ ಅನುಮತಿ ಅವು. ಮಾಲೀಕನಿಗೆ ಮೂರು, ಗುಂಪಿಗೆ ಮೂರು, ಉಳಿದವರಿಗೆ ಮೂರು. ಸ್ಕ್ರಿಪ್ಟ್ ಬರೆದು ಓಡಿಸಲು ಹೋದರೆ ಪರ್ಮಿಷನ್ ಡಿನೈಡ್ ಅಂತ ಬಂದಾಗ ಮೊದಲು ನೋಡಬೇಕಾದದ್ದು ಅಲ್ಲಿ ಎಕ್ಸ್ ಇದೆಯೇ ಅಂತ. ನೆಟ್‌ನಲ್ಲಿ ಸಿಕ್ಕ ಕಮಾಂಡನ್ನು, ಅದರಲ್ಲೂ ಸುಡೋ ಇರುವುದನ್ನು, ಅರ್ಥ ತಿಳಿಯದೆ ಅಂಟಿಸಬೇಡಿ.

ಕೇರಳದಲ್ಲಿ ಶಾಲಾ ಮಕ್ಕಳು ಉಬುಂಟು ಆಧಾರದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಕೈಟ್ ಅನ್ನುವ ಅಲ್ಲಿನ ಸರಕಾರಿ ಸಂಸ್ಥೆ ಅದನ್ನು ಸಿದ್ಧಮಾಡಿ ಕೊಡುತ್ತದೆ. ನಮ್ಮ ಬಸವನ ಬಾಗೇವಾಡಿ, ಇಂಡಿ, ಸಿಂದಗಿ ಕಡೆಯ ಶಾಲೆಗಳಲ್ಲೂ ಹಾಗಾಗಲಿ ಅಂತ ನನಗೆ ತುಂಬಾ ಆಸೆ ಇದೆ. ಆಗುವವರೆಗೆ ನನ್ನ ಕೈಲಾದದ್ದು ಇಷ್ಟು. ಡೇಟಾ ಸಾಲದವರು ಖಾಲಿ ಪೆನ್‌ಡ್ರೈವ್ ತಂದರೆ ತಾಳೆ ನೋಡಿದ ಮಿಂಟ್ ಬರೆದುಕೊಡುತ್ತೇನೆ, ದುಡ್ಡು ಬೇಡ. ಸಂಜೆ ಐದರ ಮೇಲೆ ಗಿರಾಕಿ ಕಡಿಮೆ, ಆಗ ಬಂದರೆ ಕೂತು ಮಾತಾಡಬಹುದು. ಲ್ಯಾಪ್‌ಟಾಪ್ ಜೊತೆ ಚಾರ್ಜರ್, ಫೋನಿನ ಯುಎಸ್‌ಬಿ ವೈರು ತನ್ನಿ.